ಓದಲಿಕ್ಕಲ್ಲದ ಬರಹ

ಅಕ್ಷರ ಕಲಿಸುವವಳು ಎಂಬ ಜಂಬ ನನಗೆ ಸ್ವಲ್ಪ ಉಂಟು. ಬಸವನ ಬಾಗೇವಾಡಿಯ ಸಾಲಿಯೊಂದರಲ್ಲಿ ಕನ್ನಡ ಟೀಚರು ನಾನು. ಬಸ್ಸು ಹತ್ತಿದರೆ ಯಾರಾದರೊಬ್ಬರು ಎದ್ದು ಸೀಟು ಬಿಡುತ್ತಾರೆ. ಒಂದು ಕಾಲಕ್ಕೆ ನಾನೇ ಕೈಹಿಡಿದು ಅ ಆ ತಿದ್ದಿಸಿದವರ ಪೈಕಿ ಇರುತ್ತಾರೆ. ಇಂಥ ನನಗೆ, ಅಕ್ಷರವನ್ನು ಓದದೆಯೂ ಬಳಸಬಹುದು ಎಂಬುದು ತಿಳಿದದ್ದು ಐವತ್ತು ದಾಟಿದ ಮೇಲೆ, ಅದೂ ಮೊಬೈಲಿನ ಒಂದು ಆಟದಿಂದ.

ಆಟ ನನ್ನ ಮಗಳು ಪಲ್ಲವಿಯದು. ಮುದ್ದೇಬಿಹಾಳದ ಕಾಲೇಜಿಗೆ ದಿನಾ ಹೋಗಿಬರುವ ಹುಡುಗಿ. ಆಟದಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಒಂದು ಬಯಲು ಕೊಡುತ್ತಾರೆ. ಗೋಡೆ, ಬಾಗಿಲು, ಮೆಟ್ಟಿಲು ಜೋಡಿಸಿ ಬೇಕಾದ್ದು ಕಟ್ಟಿಕೊಳ್ಳಬೇಕು. ಕಟ್ಟಿದ್ದಕ್ಕೆ ಬೋರ್ಡು ಹಾಕಬಹುದು. ಬೋರ್ಡಿನ ಒಂದೊಂದು ಅಕ್ಷರಕ್ಕೂ ಬೇರೆ ಬಣ್ಣ ಕೊಡಬಹುದು. ಅದರ ಮುಂದೆ ಆ ಬಣ್ಣದ ಅಂಕಿ ಬರೆದರಾಯಿತು. ಇದನ್ನು ನೋಡಿದ ಯಾರೋ ಕಿಡಿಗೇಡಿಗಳು ಅಕ್ಷರದ ಜಾಗದಲ್ಲಿ ತುಂಬಿದ ಚೌಕದ ಗುರುತು ಒತ್ತಿದ್ದಾರೆ. ಸಾಲಿನ ಕೆಳಗೆ ಸಾಲು ಚೌಕಗಳನ್ನಿಟ್ಟು, ಒಂದೊಂದಕ್ಕೂ ಬಣ್ಣ ಕೊಡುತ್ತ ಹೋದರೆ ಬೋರ್ಡೇ ಚಿತ್ರವಾಗುತ್ತದೆ. ಆಟದ ಪಾಲಿಗೆ ಅದು ಬರಹ, ನಮ್ಮ ಕಣ್ಣಿಗೆ ಚಿತ್ರ. ನಮ್ಮ ಅಜ್ಜಿಯರು ಎಳೆ ಎಣಿಸಿ ಸೆರಗಿನ ಮೇಲೆ ಕಸೂತಿಯ ಆನೆ ತೆಗೆಯುತ್ತಿದ್ದರಲ್ಲ, ಅದೇ ಕೆಲಸ. ಸೂಜಿ ಚುಚ್ಚುವುದಿಲ್ಲ ಅಷ್ಟೆ.

ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ಯಾವ ಬಸ್ಸು ಎಲ್ಲಿಗೆ, ಎಷ್ಟೊತ್ತಿಗೆ ಎಂದು ಮೈಕಿನಲ್ಲಿ ಕೂಗಿ ಕೂಗಿ ಊರಿಗೆಲ್ಲ ಪರಿಚಯವಾದ ದನಿ. ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು. ಮಾತಿನಲ್ಲಿ ಉಳಿದದ್ದು ಒಂದೇ ಶಬ್ದ, 'ಹೌದ್ರಿ'. ಚಹಾ ಬೇಕಾದರೂ ಹೌದ್ರಿ, ಬೇಡವಾದರೂ ಹೌದ್ರಿ. ಮದುವೆಯಾದಾಗಿನಿಂದ ನನಗೊಂದು 'ರಿ' ಹಚ್ಚಿ ಮಾತಾಡದ ಮನುಷ್ಯ ಇಷ್ಟು ಮರ್ಯಾದೆ ಕೊಡತೊಡಗಿದಾಗ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಮಾತಿಗಿಂತ ಹೆಚ್ಚು ಕಾಡಿದ್ದು ಅವರ ಓದು. ಒಂದು ಬೆಳಿಗ್ಗೆ ಪೇಪರು ಬಿಡಿಸಿದವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಡಚಿ ನನ್ನ ಕೈಗಿಟ್ಟರು. ಅಂಕಿ ಗುರುತು ಹಿಡಿಯುತ್ತಾರೆ, ಅಕ್ಷರ ಮಾತ್ರ ಹೋಗಿವೆ, ಹೀಗೂ ಆಗುವುದುಂಟು ಎಂದರು ಡಾಕ್ಟರು. ಅಕ್ಷರ ಎಂದರೆ ನಾಶವಿಲ್ಲದ್ದು ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಡುವವಳು ನಾನು. ಆ ವರ್ಷ ಆ ಪಾಠ ಬಂದಾಗ ಅರ್ಥ ಹೇಳದೆ ಮುಂದಕ್ಕೆ ಹೋದೆ.

ಪಲ್ಲವಿ ಬೋರ್ಡಿನ ಮೇಲೆ ಚಿತ್ರ ತೆಗೆಯುವಾಗ ಅವರು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಒಮ್ಮೆ ಕೈಚಾಚಿ ಫೋನು ಇಸಿದುಕೊಂಡರು. ಅವಳು ಒಂದು ಚೌಕ ಬರೆದಿಟ್ಟಳು. ಅದನ್ನೇ ನಕಲು ಮಾಡಿ ಮಾಡಿ ಇಟ್ಟು ಅಂಕಿ ಬದಲಿಸಿದರೆ ಸಾಕು, ಓದಬೇಕಾದ್ದೇನೂ ಇಲ್ಲ. ಒಂದು ವಾರ ಕೂತು ಅವರು ಒಂದು ಕೆಂಪು ಬಸ್ಸು ಕಟ್ಟಿದರು. ಮುಂದಿನ ಗಾಜು, ಎರಡು ದೀಪ, ಬಾಗಿಲ ಪಕ್ಕದ ಏಣಿ ಕೂಡ ಇತ್ತು. ಬಹಳ ದಿನಗಳ ಮೇಲೆ ಅವರು ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಆ ಹೊತ್ತಿಗೇ ಇಂಡಿ ಊರಿನಿಂದ ಅವರ ಅಣ್ಣ ಬಂದರು. ತಮ್ಮನ ಮೇಲೆ ಪ್ರೀತಿ ಇದ್ದ ಮನುಷ್ಯ. ಆ ಪ್ರೀತಿಗೆ ಅವಸರ ಜಾಸ್ತಿ. ಬಸ್ಸು ನೋಡಿ ಖುಷಿಯಾಗಿ, ಗೋಡೆಯ ಕ್ಯಾಲೆಂಡರು ಇಳಿಸಿ ತಂದು ಎದುರಿಗೆ ಹಿಡಿದರು.

"ಮೊಬೈಲಿನ್ಯಾಗ ಇಷ್ಟೆಲ್ಲಾ ಬರೀತಿ ಅಂದಮ್ಯಾಲೆ ಓದಾಕೂ ಬರತೈತಿ. ಇದೇನೈತಿ, ಓದು ನೋಡೂಣು."

ನಮ್ಮ ಮನೆಯವರು ಕ್ಯಾಲೆಂಡರು ನೋಡಿದರು. ತುಟಿ ಅಲುಗಿದವು.

"ಹೌದ್ರಿ," ಎಂದರು.

"ಹೌದ್ರಿ ಅಲ್ಲೋ, ಓದು."

"ಭಾವಾರ, ಇರ್ಲಿ ಬಿಡ್ರಿ," ಎಂದೆ ನಾನು. ಅಷ್ಟರಲ್ಲಿ ನಮ್ಮ ಮನೆಯವರು ಎದ್ದು ಒಳಗೆ ಹೋಗಿದ್ದರು. ಆಮೇಲೆ ಫೋನು ಮುಟ್ಟಲಿಲ್ಲ. ಪಲ್ಲವಿ ಕೊಟ್ಟರೆ ಮಗ್ಗುಲಿಗೆ ಸರಿಸುತ್ತಿದ್ದರು. ಇಡೀ ದಿನ ಕಿಟಕಿಯ ಕಡೆ ಮುಖ.

ಸಮಾಧಾನದ ಮಾತೆಲ್ಲ ಆಡಿ ಮುಗಿದಿದ್ದವು. ಬೇರೆ ದಾರಿ ಕಾಣದೆ, ಒಂದು ಸಂಜೆ ಸಾಲಿಯಿಂದ ಬಂದವಳು ನಾನೇ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಪಲ್ಲವಿ ಆಟ ಹಾಕಿಕೊಟ್ಟಿದ್ದ ನನ್ನ ಫೋನು ಹಿಡಿದೆ. ಕಿಟಕಿಯಾಚೆ ಎದುರುಮನೆಯವರ ಎಮ್ಮೆ ಕಟ್ಟಿತ್ತು. ಕರೀ ಎಮ್ಮೆ, ಒಂದೇ ಬಣ್ಣ, ಸಲೀಸು ಎಂದುಕೊಂಡೆ. ಎಂ.ಎ. ಓದಿದವಳಿಗೆ ಇದೇನು ಮಹಾ. ಚೌಕದ ಮೇಲೆ ಚೌಕ ಇಟ್ಟೆ. ಒಂದು ಸಾಲಿನಲ್ಲಿ ಚೌಕವೊಂದು ಹೆಚ್ಚಾದರೆ ಕೆಳಗಿನದೆಲ್ಲ ಜಾರುತ್ತಿತ್ತು. ಕಾಲು ಬೆನ್ನಿನಿಂದ ಹೊರಟವು. ಕೊಂಬು ತಲೆ ಬಿಟ್ಟು ಆಕಾಶದಲ್ಲಿ ನಿಂತವು.

ಕಾಲೇಜಿನಿಂದ ಬಂದ ಪಲ್ಲವಿ ಇಣುಕಿ ನೋಡಿ, "ಅವ್ವ, ಮಲಗೂ ಹೊರಸು ಯಾಕ ಮಾಡೀ?" ಎಂದಳು.

"ಎಮ್ಮಿ ಅದು."

ಕಿಟಕಿಯ ಕಡೆಯಿಂದ ಒಂದು ಸದ್ದು ಬಂತು. ತಿರುಗಿ ನೋಡಿದರೆ ನಮ್ಮ ಮನೆಯವರು ನಗುತ್ತಿದ್ದರು. ಮೈ ಕುಲುಕಿ, ಕಣ್ಣಲ್ಲಿ ನೀರು ಬರುವಷ್ಟು ನಗು. ಆಮೇಲೆ ನನ್ನ ಕೈಯಿಂದ ಫೋನು ತೆಗೆದುಕೊಂಡು, ಜಾರಿದ ಸಾಲುಗಳನ್ನು ಒಂದೊಂದಾಗಿ ಮೇಲಕ್ಕೆತ್ತಿ, ಕೊಂಬುಗಳನ್ನು ತಲೆಗೆ ತಂದು ಸೇರಿಸಿದರು. ಮಧ್ಯೆ ಮಧ್ಯೆ ನನ್ನ ಬೆರಳು ಹಿಡಿದು ಇಲ್ಲಿ ಅಲ್ಲ, ಅಲ್ಲಿ ಎಂಬಂತೆ ತೋರಿಸಿದರು. ಜೀವಮಾನದಲ್ಲಿ ಎಷ್ಟು ಮಕ್ಕಳ ಬೆರಳು ಹಾಗೆ ಹಿಡಿದಿದ್ದೇನೋ ನಾನು. ಹಿಡಿಸಿಕೊಳ್ಳುವುದೂ ಹಿತ ಎಂದು ಅಂದೇ ತಿಳಿದದ್ದು.

ಈಗ ದಿನಾ ರಾತ್ರಿ ಊಟವಾದ ಮೇಲೆ ಬೋರ್ಡಿನ ಕೆಲಸ ನಡೆಯುತ್ತದೆ. ಓದು ಮರಳಿಲ್ಲ, ಮರಳಬಹುದು ಅಂತ ಯಾರೂ ಖಾತ್ರಿ ಕೊಟ್ಟಿಲ್ಲ. ಮೊನ್ನೆ ಒಂದು ರವಿವಾರ ಅವರು ಫೋನು ಹಿಡಿದು ನನ್ನ ಮುಖವನ್ನೇ ದಿಟ್ಟಿಸತೊಡಗಿದರು. ವಿಷಯ ತಿಳಿದು ನಾನು ಒಳಗೆ ಓಡಿಹೋಗಿ ಕುಂಕುಮ ಸರಿಮಾಡಿಕೊಂಡು ಬಂದೆ. ನನ್ನ ಮೂಗಿಗೆ ಎಷ್ಟು ಚೌಕ ಹಿಡಿಯುತ್ತದೋ ಎಂಬ ಚಿಂತೆ ಬೇರೆ.

ಮುಗಿದ ಮೇಲೆ ನೋಡಿದರೆ ಬರೀ ಚೌಕಗಳು. "ಹಿಂದ ಸರಿ ಅವ್ವ, ದೂರದಿಂದ ನೋಡು," ಎಂದಳು ಪಲ್ಲವಿ. ಬಾಗಿಲವರೆಗೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದೆ. ಅಲ್ಲಿದ್ದದ್ದು ನಾನೇ. ಆದರೆ ಅರ್ಧ ನೆರೆತ ನನ್ನ ತಲೆಯಲ್ಲಿ ಅವರು ಒಂದೇ ಒಂದು ಬಿಳಿ ಚೌಕ ಇಟ್ಟಿರಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ. ತಪ್ಪು ಕಂಡಲ್ಲಿ ತಿದ್ದುವುದು ನನ್ನ ಕಸುಬು. ಅಂದು ಮಾತ್ರ ಸುಮ್ಮನೆ ನಿಂತು ನೋಡಿ, ಬಹಳ ಛಲೋ ಬಂದೈತಿ ಎಂದೆ.