ಜೆಟ್ ಬದಲಿಸಿ ಹೋದ ಮುಯ್ಯಾಳು

ನನ್ನ ಮೊಮ್ಮಗಳ ಮೇಲೆ ಆಣೆ ಇಡೋಕೆ ನನಗೆ ಮನಸ್ಸು ಬರಲ್ಲ. ಅಂಗೈಯಗಲದ ಮುಖ ಅವಳದ್ದು. ಮುಂದಿನ ಎರಡು ಹಲ್ಲು ಬಂದಿವೆ, ನಕ್ಕರೆ ಎರಡು ಅಕ್ಕಿಕಾಳು ಇಟ್ಟ ಹಾಗೆ ಕಾಣುತ್ತೆ. ಅದಕ್ಕೇ ನನ್ನ ಎರಡು ಕಣ್ಣಿನ ಮೇಲೆ ಆಣೆ ಇಟ್ಟು ಹೇಳ್ತೀನಿ... ಇದು ಯಾರೋ ಹೇಳಿ ಕೇಳಿದ್ದಲ್ಲ. ನನಗೇ ಆದದ್ದು. ಅವಳು ಹುಟ್ಟಿದ ರಾತ್ರಿಯೇ ಆದದ್ದು.

ಅದೇ ಪೀಕಲಾಟ ನೋಡಿ. ಆ ರಾತ್ರಿ ನೆನೆಸಿಕೊಂಡರೆ ಎದ್ದು ಕುಣಿಯೋಣ ಅನ್ಸುತ್ತೆ. ಅದರ ಹಿಂದೆಯೇ ಬೆನ್ನು ತಣ್ಣಗಾಗುತ್ತೆ. ಎರಡನ್ನೂ ಬೇರೆ ಮಾಡೋಕೆ ಆಗ್ತಿಲ್ಲ.

ಬಾಳೂರು ಕಡೆ ನಮ್ಮದು ಒಂದೂವರೆ ಎಕರೆ ರೋಬಸ್ಟಾ ಕಾಫಿ. ನಮ್ಮಂಥ ಸಣ್ಣವರು ಐದು ಮನೆ ಸೇರಿ ಹಳ್ಳಕ್ಕೆ ಮರಳು ಚೀಲದ ಕಟ್ಟ ಹಾಕಿ ನೀರು ನಿಲ್ಲಿಸಿದ್ದೀವಿ. ಐದು ಮನೆಗೂ ಒಂದೇ ಮೋಟರು, ಒಂದೇ ಸೆಟ್ ಪೈಪು, ನಾಲ್ಕೇ ನಾಲ್ಕು ಜೆಟ್ಟು. ನೀರನ್ನ ಮಳೆ ಹಾಗೆ ಸುತ್ತ ಎರಚುತ್ತಲ್ಲ, ಅದಕ್ಕೇ ನಾವು ಜೆಟ್ಟು ಅನ್ನೋದು. ಬೇಸಿಗೆ ಶುರುವಿಗೆ ಒಂದು ಸಲ ಗಿಡ ಚೆನ್ನಾಗಿ ನೆನೆದರೆ ಒಂಬತ್ತನೇ ದಿನ ತೋಟ ಪೂರ್ತಿ ಹೂವು. ಹೂವಾದರೆ ವರ್ಷದ ಅನ್ನ. ಇಲ್ಲದಿದ್ದರೆ ಇಲ್ಲ.

ಮನೆಗೆ ಎರಡು ರಾತ್ರಿ ಪಾಳಿ. ತ್ರೀ ಫೇಸ್ ಕರೆಂಟು ಕೊಡೋದೇ ರಾತ್ರಿ ಹತ್ತರ ಮೇಲೆ, ಹಾಗಾಗಿ ನೀರಿನ ಕೆಲಸ ಎಲ್ಲ ರಾತ್ರಿಯೇ. ಈ ಸಲ ನಮ್ಮ ಮೊದಲನೇ ರಾತ್ರಿ ಕರೆಂಟು ಬರಲೇ ಇಲ್ಲ. ಉಳಿದದ್ದು ಒಂದು ರಾತ್ರಿ. ಅದೂ ತಪ್ಪಿದರೆ ಉಳಿದ ನಾಲ್ಕು ಮನೆಯ ಎಂಟು ರಾತ್ರಿ ಮುಗೀಬೇಕು.

ಎಂಟು ರಾತ್ರಿ ಕಾಯೋ ಹಾಗಿರಲಿಲ್ಲ. ಅದಕ್ಕೆ ಮುಂಚೆ ನಾಲ್ಕು ಹನಿ ಮಳೆ ಉದುರಿ ಹೋಗಿತ್ತು. ಹಾಗೆ ಅರೆಬರೆ ಮಳೆ ಬೀಳೋದಕ್ಕಿಂತ ಬೀಳದೇ ಇರೋದೇ ಮೇಲು. ಮೊಗ್ಗು ಅರ್ಧ ಎಚ್ಚರ ಆಗಿಬಿಡುತ್ತೆ, ಹಿಂದೆಯೇ ಹೊಟ್ಟೆ ತುಂಬ ನೀರು ಸಿಗದಿದ್ದರೆ ಕಪ್ಪಗೆ ಸುಟ್ಟು ಹೋಗುತ್ತೆ.

ಆ ಸಂಜೆ ದೀಪ ಹಚ್ಚೋ ಹೊತ್ತಿಗೆ ಸೊಸೆ ಸುಮಾಗೆ ನೋವು ಶುರುವಾಯ್ತು. ಡಾಕ್ಟ್ರು ಹೇಳಿದ್ದಕ್ಕೆ ಇನ್ನೂ ಮೂರು ವಾರ ಇತ್ತು! ಮಗ ರಮೇಶ ಜೀಪು ತಂದ. ಅವಳನ್ನ ಹತ್ತಿಸಿ, ತಾನು ಹತ್ತದೇ ನಿಂತ.

"ಅಮ್ಮ, ಜೆಟ್ಟು..." ಅಂದ.

"ನೀನು ಹತ್ತು ಮಾರಾಯ. ಈ ವರ್ಷ ಹೂವು ಹೋದ್ರೆ ಮುಂದಿನ ವರ್ಷ ಬರುತ್ತೆ" ಅಂದೆ. ಅಂದೆನೇ ಹೊರತು, ಜೀಪು ಮೂಡಿಗೆರೆ ದಾರಿ ಹಿಡಿದ ಮೇಲೆ ಅಂಗಳದಲ್ಲಿ ಕೈ ಹಿಸುಕಿಕೊಂಡು ಓಡಾಡಿದೆ. ಒಂದು ಕಡೆ ಆ ಹುಡುಗಿ, ಒಂದು ಕಡೆ ಆ ಮೊಗ್ಗು.

ಆಗ ಬಂದ ಹಮೀದ್. ಐದು ಮನೆಯಲ್ಲಿ ಅವನದ್ದೂ ಒಂದು. ಮೋಟರ್ ರಿಪೇರಿ ಮಾಡ್ತಾನೆ, ಪಕ್ಕದಲ್ಲೇ ಒಂದು ಎಕರೆ ತೋಟ.

"ಗಿರಿಜಕ್ಕ, ನಾನು ಮುಯ್ಯಾಳಾಗಿ ಬರ್ತೀನಿ, ನಡೀರಿ. ನನ್ನ ಪಾಳಿಗೆ ರಮೇಶ ಬರಲಿ" ಅಂದ.

ಮುಯ್ಯಾಳು ಅಂದ್ರೆ ನಮ್ಮಲ್ಲಿ ಕೂಲಿ ಅಲ್ಲ. ಇವತ್ತು ನೀವು ನಮಗೆ ದುಡಿದರೆ ನಾಳೆ ನಾವು ನಿಮಗೆ. ದಿನಕ್ಕೆ ದಿನ, ರಾತ್ರಿಗೆ ರಾತ್ರಿ. ಮಾತು ಕೊಟ್ಟವರಿಗೆ ಆಗದಿದ್ದರೆ ಆ ಮನೆಯಿಂದ ಇನ್ನೊಬ್ಬರು ಹೋಗಿ ತೀರಿಸಬೇಕು. ಮುಯ್ಯಿ ಉಳಿಸಿಕೊಂಡ ಮನೆ ಏಳಿಗೆ ಆಗಲ್ಲ ಅಂತ ನಮ್ಮತ್ತೆ ಹೇಳ್ತಿದ್ರು.

ಮೋಟರ್ ಇರೋದು ಕೆಳಗೆ ಹಳ್ಳದಲ್ಲಿ, ತೋಟ ಮೇಲೆ ಗುಡ್ಡದಲ್ಲಿ. ಹಳ್ಳದಲ್ಲಿ ಫೋನಿಗೆ ಸಿಗ್ನಲ್ ಸಿಗಲ್ಲ. ಹಾಗಾಗಿ ಕೂ ಹಾಕೋದು.

"ಒಂದು ಕೂ ಹಾಕಿದ್ರೆ ನಿಲ್ಲಿಸಿ. ಎರಡು ಹಾಕಿದ್ರೆ ಶುರು ಮಾಡಿ. ಗೊತ್ತಾಯ್ತಾ ಅಕ್ಕ?"

"ನಿನಗೆ ಮೀಸೆ ಮೂಡೋ ಮುಂಚೆ ಎಸ್ಟೇಟಲ್ಲಿ ಜೆಟ್ ಕೆಲಸ ಮಾಡಿದೋಳು ನಾನು. ಹೋಗೋ."

"ಇವತ್ತು ಅಜ್ಜಿ ಆಗೋರು ನೀವು. ಕೈ ನಡುಗಿ ಹಸಿರು ಗುಂಡಿ ಬದಲು ಕೆಂಪು ಒತ್ತಿದ್ರೆ ಕಷ್ಟ, ಅದಕ್ಕೆ ಹೇಳ್ದೆ" ಅಂತ ನಗ್ತಾ ಬ್ಯಾಟರಿ ಹಿಡಿದು ಹತ್ತಿದ.

ಮೊದಲನೇ ಸಾಲು ಪೈಪನ್ನ ರಮೇಶ ಹಗಲೇ ಜೋಡಿಸಿಟ್ಟಿದ್ದ. ಇನ್ನು ರಾತ್ರಿ ಎರಡು ಸಲ ಕಿತ್ತು ಮುಂದಕ್ಕೆ ಇಟ್ಟರೆ ಒಂದೂವರೆ ಎಕರೆಯೂ ನೆನೆಯುತ್ತೆ. ಹತ್ತಕ್ಕೆ ಕರೆಂಟು ಬಂತು. ಮೇಲಿಂದ ಎರಡು ಕೂ. ಹಸಿರು ಗುಂಡಿ ಒತ್ತಿದೆ. ಮೋಟರು ಗುಂಯ್ ಅಂತು, ಸ್ವಲ್ಪ ಹೊತ್ತಿಗೆ ಗುಡ್ಡದ ಮೇಲಿಂದ ಚಿಟ್... ಚಿಟ್... ಚಿಟ್... ಚರ್ರ್... ಆ ಶಬ್ದ ಕೇಳಿದರೆ ನನಗೆ ಹೊಟ್ಟೆ ತುಂಬಿದ ಹಾಗೆ.

ತಗಡಿನ ಶೆಡ್ಡಲ್ಲಿ ಗೋಣಿಚೀಲ ಹಾಸಿ ಕೂತೆ. ಸುಟ್ಟ ಗ್ರೀಸಿನ ವಾಸನೆ, ಪಾಚಿ ವಾಸನೆ. ಫೋನು ನೋಡ್ತೀನಿ... ಸಿಗ್ನಲ್ ಇಲ್ಲ. ಮತ್ತೆ ನೋಡ್ತೀನಿ... ಇಲ್ಲ. ಸಿಗಲ್ಲ ಅಂತ ಗೊತ್ತಿದ್ದೂ ನೋಡೋದು. ಹುಟ್ಟಿತೋ ಇಲ್ವೋ? ಗಂಡೋ ಹೆಣ್ಣೋ? ಸುಮಾ ಹೇಗಿದ್ದಾಳೋ? ಒಂದು ಕಡೆ ಕೂರೋಕಾಗದೆ ಏಳೋದು, ಬಾಗಿಲಿಗೆ ಹೋಗೋದು, ಬರೋದು.

ರಾತ್ರಿ ಒಂದು ಗಂಟೆ ಹೊತ್ತಿಗೆ ಮೇಲಿಂದ ಕೇಳಿಸಿತು.

ಕೂ...

ಒಂದೇ. ಉದ್ದಕ್ಕೆ, ಸಣ್ಣಗೆ. ಕೆಂಪು ಒತ್ತಿದೆ. ಮೋಟರು ನಿಂತಿತು. ಕಿವಿ ಗವ್ವೆಂತು. ಮೇಲೆ ಪೈಪಿಗೆ ಪೈಪು ತಾಗೋ ಶಬ್ದ... ಟಣ್... ಟಣ್... ಯಾರೋ ಏನೋ ಕರೆದು ಮಾತಾಡಿದ ಹಾಗೂ ಕೇಳಿಸಿತು. ಈ ಹಮೀದ್ ಗಿಡದ ಹತ್ತಿರವೂ ಹರಟೆ ಹೊಡೀತಾನೆ ಅಂದ್ಕೊಂಡೆ. ಒಬ್ಬನೇ ಆ ಪೈಪು ಹೊತ್ತು ಬದಲಿಸೋಕೆ ಮುಕ್ಕಾಲು ಗಂಟೆ ಬೇಕು. ಹದಿನೈದು ನಿಮಿಷ ಆಗಿತ್ತೋ ಇಲ್ಲವೋ, ಎರಡು ಕೂ ಬಂತು.

ಗುಂಡಿ ಒತ್ತಿದೆ. ಜೆಟ್ಟು ಹಾರಿತು. ಚಿಟ್... ಚಿಟ್...

ಅಲ್ಲಿ ನಾನು ತಪ್ಪಿದೆ.

ಖುಷಿ ತಡೆಯೋಕಾಗಲಿಲ್ಲ. ತೋಟ ಉಳೀತು ಅಂತ ಖುಷಿ. ಜೊತೆಗೆ ಯಾಕೋ ಅದೇ ಗಳಿಗೆಯಲ್ಲಿ, ಮಗು ಆಯ್ತು ಅಂತ ಯಾರೋ ಹೇಳಿದ ಹಾಗೆ ಎದೆ ತುಂಬಿ ಬಂತು. ಬಾಗಿಲಿಗೆ ಬಂದು ಗುಡ್ಡದ ಕಡೆ ಕೂಗಿದೆ. ರಾತ್ರಿ ಕಾಡಲ್ಲಿ ಹೆಸರು ಹಿಡಿದು ಕೂಗಬಾರದು ಅಂತಾರಲ್ಲ, ಅದಕ್ಕೆ ಹಮೀದ್ ಅನ್ನಲಿಲ್ಲ.

"ನಿನ್ನ ಮುಯ್ಯಿ ನಾನೇ ತೀರಿಸ್ತೀನಿ, ಮಾರಾಯಾ!"

"ಹೂಂ" ಅಂತು.

ಗುಡ್ಡದಿಂದ ಅಲ್ಲ. ಶೆಡ್ಡಿನ ಹಿಂದಿನಿಂದ. ತಗಡಿಗೆ ಬಾಯಿ ಇಟ್ಟು ಹೇಳಿದ ಹಾಗೆ, ಅಷ್ಟು ಹತ್ತಿರ... ಮೋಟರ್ ಶಬ್ದದಲ್ಲೂ ಸ್ಪಷ್ಟ ಕೇಳಿಸಿತು.

ಬ್ಯಾಟರಿ ಬಿಟ್ಟು ನೋಡಿದೆ. ಯಾರೂ ಇಲ್ಲ. ಒಣಗಿದ ತರಗೆಲೆ, ಹಳ್ಳದ ನೀರು, ಅಷ್ಟೇ. ಆದರೆ ವಾಸನೆ ಇತ್ತು... ಕಾಫಿ ಹೂವಿನ ವಾಸನೆ. ಅರಳಿ ಎರಡನೇ ದಿನಕ್ಕೆ ಬರುತ್ತಲ್ಲ, ತಲೆ ಸುತ್ತೋ ಅಂಥ ಘಮ. ಸುತ್ತ ಎಲ್ಲೂ ಒಂದು ಹೂವು ಅರಳಿರಲಿಲ್ಲ. ಅರಳೋಕೆ ಇನ್ನೂ ಒಂಬತ್ತು ದಿನ ಇತ್ತು.

ಒಳಗೆ ಬಂದು ಬೆನ್ನು ಗೋಡೆಗೆ ಕೊಟ್ಟು ಕೂತೆ. ಎಷ್ಟೋ ಹೊತ್ತಾದ ಮೇಲೆ ಮತ್ತೆ ಒಂದು ಕೂ. ಕಣ್ಣು ಮುಚ್ಚಿಕೊಂಡೇ ನಿಲ್ಲಿಸಿದೆ. ಎರಡು ಕೂ. ಶುರು ಮಾಡಿದೆ. ಬಾಯಿ ಮಾತ್ರ ಬಿಡಲಿಲ್ಲ.

ಐದಕ್ಕೆ ಕರೆಂಟು ಹೋಯ್ತು. ಬೆಳಕು ಹರಿದದ್ದೇ ಗುಡ್ಡ ಹತ್ತಿದೆ. ತೋಟ ಕಣ್ಣಿಗೆ ಹಬ್ಬ! ಈ ಬೇಲಿಯಿಂದ ಆ ಬೇಲಿವರೆಗೆ ಒಂದು ಗಿಡ ಬಿಡದ ಹಾಗೆ ನೆಂದು ತೊಟ್ಟಿಕ್ಕುತ್ತಿತ್ತು. ಜೆಟ್ಟು ನಾಲ್ಕೂ ಕೊನೇ ಸಾಲಲ್ಲಿ ನೆಟ್ಟಗೆ ನಿಂತಿದ್ದವು. ಆದರೆ ಹಮೀದ್ ಅಲ್ಲಿರಲಿಲ್ಲ. ಅವನಿದ್ದದ್ದು ಎಲ್ಲಕ್ಕಿಂತ ಕೆಳಗೆ, ಮೊದಲನೇ ಸಾಲಿನ ಹತ್ತಿರ. ಸಿಲ್ವರ್ ಮರಕ್ಕೆ ಒರಗಿ ಕೂತಿದ್ದ. ಕಾಲಿನ ಹರಡು ಊದಿ ತೆಂಗಿನಕಾಯಿ ಆಗಿತ್ತು.

"ನಿಮಗೆ ಎರಡು ಕೂ ಹಾಕಿ, ಜೆಟ್ಟು ನೋಡೋಕೆ ಹೋದೆ ಅಕ್ಕ, ಜಾರಿದೆ. ಏಳೋಕಾಗಲಿಲ್ಲ. ಕೂಗಿದ್ದು ಮೋಟರ್ ಶಬ್ದಕ್ಕೆ ನಿಮಗೆ ಕೇಳಲಿಲ್ಲ. ಪುಣ್ಯಕ್ಕೆ ರಮೇಶ ಬಂದ, ಇಲ್ದಿದ್ರೆ ತೋಟ ಹೋಗ್ತಿತ್ತು" ಅಂದ.

"ರಮೇಶ ಬಂದಿದ್ನಾ? ಹಾಗಾದ್ರೆ ಮಗು ಆಯ್ತಾ? ಏನಂದ?"

"ಎಂಥದ್ದೂ ಅನ್ನಲಿಲ್ಲ. ನಾನೇ ಕರೆದು ಕೇಳ್ದೆ, ಏನಾಯ್ತೋ, ಗಂಡಾ ಹೆಣ್ಣಾ ಅಂತ. ತಿರುಗಿಯೂ ನೋಡಲಿಲ್ಲ. ಬ್ಯಾಟರಿಯೂ ಇಲ್ಲದೆ ಕತ್ತಲಲ್ಲೇ ಪೈಪು ಹೊತ್ಕೊಂಡು ಹೋಗ್ತಿದ್ದ. ಅವಸರದಲ್ಲಿದ್ದಾನೆ ಅಂತ ಬಿಟ್ಟೆ."

ನನಗೆ ಮಗುವಿನದ್ದೇ ಚಿಂತೆ. ಅವನಿಗೆ ಹೆಗಲು ಕೊಟ್ಟು ಸಿಗ್ನಲ್ ಸಿಗೋ ಬಂಡೆ ಹತ್ತಿರ ಕರೆದುಕೊಂಡು ಹೋದೆ. ಬಂಡೆ ಮುಟ್ಟಿದ್ದೇ ಫೋನು ಬಡಕೊಂಡಿತು.

"ಅಮ್ಮ! ಹೆಣ್ಣು! ರಾತ್ರಿ ಒಂದು ಗಂಟೆಗೇ ಆಯ್ತು. ಇಬ್ಬರೂ ಆರಾಮಾಗಿದ್ದಾರೆ. ಆಗಿಂದ ಮಾಡ್ತಾನೇ ಇದ್ದೀನಿ ಫೋನು..."

ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಹಮೀದನ ತಲೆ ಹಿಡಿದು ಅಲ್ಲಾಡಿಸಿಬಿಟ್ಟೆ. ಫೋನಲ್ಲೇ ಕೇಳಿದೆ, "ಮತ್ತೆ ನೀನು ಬಂದು ಹೇಳದೇ ಹೋದೆಯಲ್ಲೋ ಮಂಗ!"

"ಬಂದು? ಎಲ್ಲಿಗೆ? ನಾನು ಆಸ್ಪತ್ರೆ ಬಾಗಿಲು ಬಿಟ್ಟು ಕದಲಿಲ್ಲ ಅಮ್ಮ."

ಹಮೀದ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಹಮೀದ್... ನಡುರಾತ್ರಿ ನಿಲ್ಲಿಸು ಅಂತ ಕೂ ಹಾಕಿದ್ದು ನೀನೇ ತಾನೇ?"

"ಯಾವ ಕೂ ಅಕ್ಕ?" ಅಂದ ಅವನು. "ಮೊದಲನೇದು ಬಿಟ್ಟರೆ ನಾನು ಹಾಕಲೂ ಇಲ್ಲ, ಕೇಳಲೂ ಇಲ್ಲ."

ಒಂಬತ್ತನೇ ದಿನ ತೋಟ ಬೆಳ್ಳಗೆ ಅರಳಿತು. ಎಷ್ಟೋ ವರ್ಷದಿಂದ ಹಾಗೆ ಅರಳಿರಲಿಲ್ಲ. ಅದೇ ಹೊತ್ತಿಗೆ ಮಗೂನೂ ಮನೆಗೆ ಬಂತು. ನಾನು ತೊಡೆ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿದೆ, ಬಂದವರಿಗೆಲ್ಲ ಬೆಲ್ಲ ಹಂಚಿದೆ, ಅವಳು ಆಕಳಿಸಿದರೂ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಆದರೆ ಒಳಗೊಳಗೇ ಒಂದು ಮುಳ್ಳು. ಬಾಯಿ ಬಿಟ್ಟು ಮಾತು ಕೊಟ್ಟಿದ್ದೀನಿ. ಅತ್ತಲಿಂದ ಹೂಂ ಅಂದೂ ಆಗಿದೆ. ನನ್ನ ಕೈಲಿ ಆಗದಿದ್ದರೆ ಮನೆಯಿಂದ ಇನ್ನೊಬ್ಬರು... ಯಾರು?

ಉಳಿದ ನಾಲ್ಕು ಮನೆಯಲ್ಲೂ ವಿಚಾರಿಸಿದೆ. "ನಮ್ಮ ಪೈಪು ಎತ್ತೋಕೇ ನಮಗೆ ಸೊಂಟ ಇಲ್ಲ, ನಿಮ್ಮದು ಎತ್ತೋಕೆ ಬರ್ತೀವಾ?" ಅಂದ್ರು. ಹಮೀದನ ಮುಯ್ಯಿ ರಮೇಶ ತೀರಿಸಿದ. ನಾನು ಸುಮ್ಮನಿರಲಾರದೆ ಉಳಿದ ಮನೆಗಳ ಪಾಳಿಗೂ ಹೋಗಿ ಒಂದೊಂದು ರಾತ್ರಿ ಮೋಟರ್ ಕಾದೆ. ಸುಮಾಗೆ ನಗು.

"ಅತ್ತೆ, ಆ ದೆವ್ವದ ವಿಳಾಸ ಸಿಕ್ಕಿದ್ರೆ ನನಗೂ ಕೊಡಿ. ಕಳೆ ತೆಗೆಯೋಕೂ ಕರೆಯೋಣ" ಅಂದ್ಲು.

"ಬಾಯಿ ಮುಚ್ಚೇ!" ಅಂತ ಗದರಿದೆ. ನಗೋಕೆ ನನಗೂ ಆಸೆಯೇ.

ನಮ್ಮ ಮೇಲಿನ ಬೇಲಿ ಆಚೆ ಪಾಳು ಜಾಗ ಇದೆ. ಯಾರದ್ದು ಅಂತ ಗೊತ್ತಿರೋರು ಯಾರೂ ಉಳಿದಿಲ್ಲ. ಲಂಟಾನ ಪೊದೆ ಮಧ್ಯೆ ಒಂದೇ ಒಂದು ಮುದಿ ರೋಬಸ್ಟಾ ಗಿಡ. ನಾನು ಕಂಡಾಗಿನಿಂದ ಅದರಲ್ಲಿ ಒಂದು ಹೂವಿಲ್ಲ. ಈ ಸಲ ನಮ್ಮ ತೋಟದ ಜೊತೆಗೇ, ಅದೇ ದಿನ, ಅದೂ ಅರಳಿತ್ತು. ಜೆಟ್ಟಿನ ನೀರು ಅಲ್ಲಿಗೆ ಮುಟ್ಟಲ್ಲ, ನಡುವೆ ದಿಬ್ಬ ಇದೆ. ಸುತ್ತಲ ಪೊದೆಯೆಲ್ಲ ಒಣಗಿ ಪುಡಿಯಾಗಿತ್ತು. ಅದರ ಬುಡದ ಮಣ್ಣು ಮಾತ್ರ ಕಪ್ಪಗೆ ತೇವ.

ಈಗ ಕುಯ್ಲಿನ ಕಾಲ. ನಮ್ಮದೆಲ್ಲ ಕುಯ್ದು ಮುಗೀತು, ಕಣದಲ್ಲಿ ಹರಡಿದ್ದೀವಿ. ಮೊನ್ನೆ ಮೊಮ್ಮಗಳನ್ನ ಸೊಂಟದಲ್ಲಿ ಎತ್ತಿಕೊಂಡು ಬೇಲಿ ಹತ್ತಿರ ಹೋದೆ. ಆ ಗಿಡದ ತುಂಬ ಕೆಂಪು ಹಣ್ಣು. ಮಗು ಅತ್ತ ಕೈ ಚಾಚಿ ನಕ್ಕಿತು. ಗಿಡವನ್ನಲ್ಲ, ಗಿಡದ ಪಕ್ಕ ನೋಡಿ ನಕ್ಕಿತು. ಎದೆಗೆ ಅವಚಿಕೊಂಡು ಬಂದುಬಿಟ್ಟೆ.

ನಿನ್ನೆ ಬೆಳಿಗ್ಗೆ ಒಬ್ಬಳೇ ಹೋಗಿ ನೋಡಿದೆ. ಆಚೆ ಕಡೆಯ ಅರ್ಧ ಗಿಡದ ಹಣ್ಣು ಕುಯ್ದಾಗಿತ್ತು. ಎಲೆ ಉದುರಿಲ್ಲ, ರೆಂಬೆ ಮುರಿದಿಲ್ಲ, ನೆಲದಲ್ಲಿ ಒಂದು ಹಣ್ಣು ಬಿದ್ದಿಲ್ಲ. ಕೈ ಪಳಗಿದವರ ಕುಯ್ಲು. ನಮ್ಮ ಬೇಲಿ ಕಡೆಯ ಅರ್ಧ ಮಾತ್ರ ಹಾಗೇ ಇದೆ.

ಒಂದು ಗಿಡಕ್ಕೆ ಇಬ್ಬರು ಆಳು ನಿಂತರೆ ನಾವು ಕುಯ್ಯೋದು ಹಾಗೇ. ಆಚೆ ಅರ್ಧ ಅವರದ್ದು, ಈಚೆ ಅರ್ಧ ಇವರದ್ದು.

ರಮೇಶ ಹೋಗಬೇಡ ಅಂತಾನೆ. ನಾನು ಬುಟ್ಟಿ ತೊಳೆದು ಬಿಸಿಲಿಗಿಟ್ಟಿದ್ದೀನಿ. ನಾಳೆ ಮಗು ಏಳೋ ಮುಂಚೆ ಹೋಗಿ ಕುಯ್ದುಬಿಡ್ತೀನಿ. ಮಾತು ಕೊಟ್ಟವಳು ನಾನು, ಅವಳಲ್ಲ.

ಕುಯ್ದದ್ದನ್ನ ಯಾರ ಕೈಗೆ ಕೊಡಬೇಕು... ಅದೊಂದು ಗೊತ್ತಿಲ್ಲ.