ತುರಿಮಣೆಯ ಮುಂದೆ ಇಂಗ್ಲಿಷ್ ಕಥೆ

ಬೆಳಗಿನ ಐದೂವರೆ. ಮುಂಬಯಿ ಹತ್ತಿರದ ಕಳವಾ ಎಂಬಲ್ಲಿ ಚಾಳಿನ ಒಂದು ಕೋಣೆ. ತುರಿಮಣೆಯ ಮೇಲೆ ಕೂತ ಜ್ಯೋತಿಯ ಕೈ ಕಾಯಿ ತುರಿಯುತ್ತಿದೆ, ಬಾಯಿ ಇಂಗ್ಲಿಷ್ ಆಡುತ್ತಿದೆ. "ಐ ವಾಸ್ ಗ್ರೇಟಿಂಗ್ ಕೋಕನಟ್..." ಎನ್ನುವಷ್ಟರಲ್ಲಿ ಪಾಠ ಹೇಳಿಕೊಡುವ ಉಮಾವತಿ ಸೌಟಿನಿಂದ ತಪಲೆಗೆ ಠಣ್ಣೆಂದು ಬಡಿಯುತ್ತಾರೆ. "ದ ಬೆಲ್ ರ‍್ಯಾಂಗ್!" ಎಂದು ಜ್ಯೋತಿ ಕೂಗುತ್ತಾಳೆ. ಏನೇ ಆದರೂ ಕೈ ಮಾತ್ರ ನಿಲ್ಲುವಂತಿಲ್ಲ.

ಆಗಿಹೋದದ್ದನ್ನು ಹೇಳಲು ಇಂಗ್ಲಿಷಿನಲ್ಲಿ ಎರಡು ದಾರಿ: ನಡೆಯುತ್ತಲೇ ಇದ್ದದ್ದಕ್ಕೆ ಒಂದು, ಥಟ್ಟನೆ ನಡೆದುಹೋದದ್ದಕ್ಕೆ ಇನ್ನೊಂದು. "ತುರಿಯುದು ಕಥೆಯ ಹಿಂದೆ ನಡೀತಾ ಇರ್ತದೆ ಮಾರಾಯ್ರೆ. ಠಣ್ ಅಂದಾಗ ಕಥೆ ಮುಂದೆ ಹೋಗ್ತದೆ. ಕೈಗೆ ಹತ್ತಿದ್ದು ಮರೆತು ಹೋಗುದಿಲ್ಲ," ಎನ್ನುತ್ತಾರೆ ಉಮಾವತಿ.

ಉಡುಪಿ ಕಡೆಯ ಇವರು ಬಿ.ಎ. ಓದಿ, ಮದುವೆಯಾಗಿ ಇಲ್ಲಿಗೆ ಬಂದವರು. ಬಿ.ಎಡ್. ಇಲ್ಲವೆಂದು ಶಾಲೆಗಳು ಹತ್ತಿರ ಸೇರಿಸಲಿಲ್ಲ. ಲಾಕ್‌ಡೌನಿನಲ್ಲಿ ಗಂಡ ಲೋಕನಾಥರ ಹೋಟೆಲ್ ಕೆಲಸವೂ ಹೋಯಿತು. ಈಗ ದಿನಕ್ಕೆ ಅರವತ್ತು ಕಾಯಿ ತುರಿದು ಪಕ್ಕದ ಠಾಣೆ ನಗರದ ನಾಲ್ಕು ಹೋಟೆಲುಗಳಿಗೆ ಕಳಿಸುತ್ತಾರೆ. ಇಂಗ್ಲಿಷ್ ಕಲಿಯಲು ಬರುವ ಶಿಷ್ಯೆಯರು ಏಳು ಮಂದಿ. ಫೀಸು ತಲಾ ಐದು ಕಾಯಿ ತುರಿಯುವುದು, ಅಷ್ಟೇ.

ಇವತ್ತು ಹನ್ನೊಂದಕ್ಕೆ ಜ್ಯೋತಿಗೆ ಒಂದು ಆಸ್ಪತ್ರೆಯ ರಿಸೆಪ್ಶನ್ ಕೆಲಸದ ಇಂಟರ್‌ವ್ಯೂ. ಅವಳ ಅಪ್ಪ ವಿಜಯಪುರದಿಂದ ಬಂದ ಹಮಾಲಿ. ಹಿಂದಿನ ಎರಡು ಇಂಟರ್‌ವ್ಯೂಗಳಲ್ಲಿ 'ನಿಮ್ಮ ಒಂದು ಅನುಭವ ಹೇಳಿ' ಎಂದಾಗ, ಹುಡುಗಿ ಗೈಡಿನಿಂದ ಬಾಯಿಪಾಠ ಮಾಡಿದ, ತಾನೆಂದೂ ಹೋಗದ ಪಿಕ್ನಿಕ್ಕಿನ ಕಥೆ ಒಪ್ಪಿಸಿದ್ದಳು. ನಡುವೆ ಒಂದೇ ಒಂದು ಪ್ರಶ್ನೆ ಬಂದದ್ದೇ ತಬ್ಬಿಬ್ಬು. "ಈ ಸಲಾನೂ ಆಗ್ಲಿಲ್ಲಂದ್ರ ಅಪ್ಪ ಪ್ಯಾಕಿಂಗ್ ಕೆಲಸಕ್ಕ ಹಚ್ತಾನ್ರೀ ಅಕ್ಕಾರ," ಎನ್ನುತ್ತಾಳೆ.

"ಹಾಗಾದ್ರೆ ನಿಂದೇ ಕಥೆ ಹೇಳು," ಎನ್ನುತ್ತಾರೆ ಉಮಾವತಿ. ಜ್ಯೋತಿ ನೆನೆಸಿಕೊಳ್ಳುವುದು ಕಳವಾ ಸ್ಟೇಷನ್ನಿನ ಬ್ರಿಡ್ಜಿನ ಮೇಲೆ ಹೆಂಗಸೊಬ್ಬಳು ತಲೆಸುತ್ತಿ ಬಿದ್ದದ್ದನ್ನು. "ಒನ್ ಲೇಡಿ ಫೆಲ್. ಐ ಹೆಲ್ಪ್ಡ್."

"ಇಷ್ಟೇಯಾ? ಉಸಿರು ತೆಗೆಯುವ ಮೊದಲೇ ಮುಗೀತಲ್ಲ ಮಾರಾಯ್ತಿ! ಮಳೆ ಇತ್ತಾ? ಜನ ಎಂತ ಮಾಡ್ತಾ ಇದ್ರು? ನೀನು ಎಲ್ಲಿಗೆ ಹೋಗ್ತಾ ಇದ್ದದ್ದು? ಕೈ ನಿಲ್ಲಿಸ್ಬೇಡ, ಹೇಳು."

ಜ್ಯೋತಿ ತುರಿಯುತ್ತ ಮತ್ತೆ ಶುರು ಮಾಡುತ್ತಾಳೆ. ಮಳೆ ಸುರಿಯುತ್ತಿತ್ತು, ಜನ ನುಗ್ಗುತ್ತಿದ್ದರು, ತಾನು ಮೆಟ್ಟಿಲು ಇಳಿಯುತ್ತಿದ್ದಳು. ಎಲ್ಲವೂ ತಡವರಿಸುವ, ಆದರೆ ಅವಳದೇ ಇಂಗ್ಲಿಷಿನಲ್ಲಿ. ಠಣ್! ಲೇಡಿ ಫೆಲ್. ಉಳಿದ ಆರು ಜನ ಕೆಲಸ ಮರೆತು ಅವಳ ಮುಖವನ್ನೇ ನೋಡುತ್ತಾರೆ.

ಮಧ್ಯಾಹ್ನ ಒಂದೂವರೆಗೆ ಫೋನು. "ಅಕ್ಕಾರ, ಸೋಮವಾರದಿಂದ ಬಾ ಅಂದಾರ್ರೀ! ಲೇಡಿ ಫೆಲ್ ಅನ್ನೂದ್ರಾಗ ಮೇಡಂ ಪೆನ್ ಕೆಳಗಿಟ್ಟು, ಮುಂದ ಏನಾತು ಅಂತ ಕೇಳಿದ್ರು!"

ಉಮಾವತಿ ಫೋನಿಟ್ಟು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಕೆಲಸ ಅವಳೇ ಗಳಿಸಿದ್ದು. ಆದ್ರೆ ಆ ಮೇಡಂ 'ಮುಂದೆ ಏನಾಯ್ತು' ಅಂತ ಕೇಳಿದ್ರಲ್ಲ, ಅದರಲ್ಲಿ ನಂದೂ ಸ್ವಲ್ಪ ಉಂಟು."