ಕಡಲಿಗೆ ಮರಳಿಸಿದ ಎಲುಬು

ಅವರ್ಸಾದ ನೀಲಾ ಮೀನುಬುಟ್ಟಿ ಹೊತ್ತು ಕಾರವಾರದ ಬಸ್ಸು ಹತ್ತುವ ಮೊದಲು ಹಣೆಗೆ ಕುಂಕುಮ ಇಡುತ್ತಿದ್ದಳು. ಗಂಡ ಮಾಸ್ತಿ ಕಡಲಿನಲ್ಲಿ ಕಾಣೆಯಾಗಿ ಎರಡು ವರ್ಷವಾಗಿತ್ತು. ದೋಣಿ ಮಗುಚಿದ ದಿನ ಜೊತೆಗಿದ್ದವರು ಈಜಿ ದಡ ಸೇರಿದರು, ಅವನು ಸೇರಲಿಲ್ಲ. ಹೆಣವೂ ಸಿಗಲಿಲ್ಲ. ದರ್ಭೆಯ ಬೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸೋಣವೆಂದು ಭಟ್ಟರು ಹೇಳಿದಾಗೆಲ್ಲ ಅವಳು ಒಲ್ಲೆ ಎನ್ನುತ್ತಿದ್ದಳು. ಒಂದು ಎಲುಬಾದರೂ ಸಿಗಲಿ, ಅದನ್ನು ಸುಡುತ್ತೇನೆ. ಹುಲ್ಲು ಸುಟ್ಟು ಗಂಡ ಸತ್ತ ಎನ್ನಲಾರೆ. ಸಂಜೆ ತುಳಸಿಯ ಮುಂದೆ ದೀಪ ಹಚ್ಚಿ ಅವಳು ಬೇಡುತ್ತಿದ್ದುದು ಅಷ್ಟೇ. ಬದುಕಿ ಬರಲಿ ಎಂದು ಬೇಡುವುದನ್ನು ಯಾವಾಗಲೋ ಬಿಟ್ಟಿದ್ದಳು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ನೀರಿಗಿಳಿದ ಮೇಲೆ ಒಂದು ದಿನ ಮಾಸ್ತಿಯ ಅಣ್ಣ ಪುಂಡಲೀಕ ಅಂಗಳದಲ್ಲಿ ಕೂತು ಬಲೆಯ ಹರಕು ಹೊಲಿಯುತ್ತಿದ್ದ. ಎಲ್ಲಿ ಹರಿಯಿತೆಂದು ನೀಲಾ ಕೇಳಿದಳು. ಮೊದಲ ದಿನವೇ ಕೂರ್ಮಗಡ ದ್ವೀಪದ ಆಚೆ ಬಂಡೆಗೆ ಸಿಕ್ಕಿತೆಂದ. ಆಗಲೇ ಒಂದು ಎಲುಬೂ ಬಲೆಗೆ ಬಂದಿತ್ತಂತೆ. ಅಂಗೈಯಷ್ಟು ಅಗಲ, ಮೂರು ಮೂಲೆ, ನಡುವೆ ಎರಡು ಸಾಲು ತೂತು. ಡಾಲ್ಫಿನ್ನಿನದಿರಬೇಕು ಎಂದುಕೊಂಡನಂತೆ.

ಬಲೆಗೆ ಬಂದ ಎಲುಬನ್ನು ಆ ಮನೆಯವರು ದಡಕ್ಕೆ ತರುವುದಿಲ್ಲ. ಯಾವ ಜೀವದ್ದೇ ಇರಲಿ, ಹೂವು, ತೆಂಗಿನಕಾಯಿ ಜೊತೆಗಿಟ್ಟು ಕಡಲಿಗೇ ಒಪ್ಪಿಸಿ ಕೈಮುಗಿಯುತ್ತಾರೆ. ಪುಂಡಲೀಕನೂ ಹಾಗೆಯೇ ಮಾಡಿದ್ದ.

ಕಾರವಾರದಲ್ಲಿ ನೀಲಾ ಖಾಯಂ ಮೀನು ಕೊಡುವ ಮನೆಗಳಲ್ಲಿ ಡಾಕ್ಟರ್ ಪ್ರೇಕ್ಷಾಳದೂ ಒಂದು. ಡಾಕ್ಟರಿಕೆ ಕಲಿಯುವ ಮಕ್ಕಳಿಗೆ ದೇಹದ ರಚನೆಯ ಪಾಠ ಹೇಳುವವಳು. ಮರುದಿನ ಅವಳಿಗೆ ಬಂಗಡೆ ಎಣಿಸಿ ಕೊಟ್ಟು, ಎಲುಬಿನ ಆಕಾರವನ್ನು ಕೈಯಲ್ಲೇ ತೋರಿಸಿದಳು. ಭಾವನನ್ನೂ ಕರೆದುಕೊಂಡು ಬಾ ಎಂದಳು ಪ್ರೇಕ್ಷಾ.

ಭಾನುವಾರ ನೀಲಾಳ ಜೊತೆ ಪುಂಡಲೀಕ ಬಂದ. ಪಾಠಕ್ಕೆಂದು ಇಟ್ಟುಕೊಂಡ ಪ್ಲಾಸ್ಟಿಕ್ ಎಲುಬನ್ನು ಪ್ರೇಕ್ಷಾ ಅವನ ಕೈಗಿತ್ತಳು. ತೂತುಗಳಲ್ಲಿ ಬೆರಳಾಡಿಸಿ ಅವನು ಅಂದ, "ಹೀಂಗೇ ಇತ್ತು. ಡಾಲ್ಫಿನ್ನಿಂದು ಅಲ್ದಾ ಡಾಕ್ಟರ್ ಬಾಯಿ?"

"ಡಾಲ್ಫಿನ್ನಿಗೆ ಈ ಎಲುಬೇ ಇರೂದಿಲ್ಲ."

ಬೆನ್ನೆಲುಬಿನ ಬುಡದಲ್ಲಿ, ಸೊಂಟದ ಹಿಂದೆ ಮನುಷ್ಯನಿಗೆ ಇರುವ ಎಲುಬು ಅದು. ಇಬ್ಬರ ಮುಖ ನೋಡಲಾರದೆ ಪ್ರೇಕ್ಷಾ ಪಾಠದ ಮಾತನ್ನೇ ಹೇಳತೊಡಗಿದಳು. ಲ್ಯಾಟಿನ್ನಿನಲ್ಲಿ ಅದರ ಹೆಸರು ಸೇಕ್ರಮ್, ಎಂದರೆ ಪವಿತ್ರವಾದದ್ದು. ಲ್ಯಾಟಿನ್ನಿನವರಿಗೂ ಮೊದಲು ಗ್ರೀಕರು ತಮ್ಮ ಭಾಷೆಯಲ್ಲಿ ಹಾಗೆಯೇ ಕರೆದಿದ್ದರು. ಬಲಿಯಲ್ಲಿ ದೇವರಿಗೆ ಆ ಭಾಗ ಮೀಸಲು ಎಂದೋ, ಮೈಯೆಲ್ಲ ಮಣ್ಣಾದರೂ ಅದು ಉಳಿಯುತ್ತದೆ ಎಂದೋ, ಕಾರಣ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಜರ್ಮನರು ಶಿಲುಬೆಯ ಎಲುಬು ಎಂದರು. ನಮ್ಮವರು ಸಂಸ್ಕೃತದಲ್ಲಿ ತ್ರಿಕ ಎಂದರು, ಮೂರು ಎಲುಬು ಕೂಡುವ ಜಾಗ.

"ಅವ್ರದ್ದೇ ಆಗಿತ್ತಾ ಅದು?" ನೀಲಾ ಕೇಳಿದಳು.

"ಹೇಳೂಕಾಗೂದಿಲ್ಲ ನೀಲಕ್ಕಾ. ಕೈಲಿದ್ದಿದ್ರೆ ಪರೀಕ್ಷೆ ಮಾಡಿ ಹೇಳ್ಬಹುದಿತ್ತು."

ಪುಂಡಲೀಕ ಎಲುಬನ್ನು ಮೇಜಿನ ಮೇಲಿಟ್ಟು ಕೈಮುಗಿದ. ಪ್ಲಾಸ್ಟಿಕ್ ಎಂಬುದು ಮರೆತಿತ್ತೇನೋ. "ನಾನೂ ದೇವ್ರದ್ದು ಅಂದ್ಕಂಡೇ ಕಡಲಿಗೆ ಬಿಟ್ಟೆ," ಎಂದ.

ಬಸ್ಸಿನಲ್ಲಿ ನೀಲಾ ಒಂದೇ ಮಾತು ಕೇಳಿದಳು. "ಅದ್ರ ಜೊತೆ ಬಿಟ್ಟ ಕಾಯಿ ಯಾವ್ದು ಭಾವಾ?"

ಬೋಟು ಇಳಿಯುವ ದಿನ ಮನೆಯ ಹೆಂಗಸರು ಒಂದೊಂದು ಕಾಯಿ ಕೊಟ್ಟು ಕಳಿಸುತ್ತಾರೆ. ಅವಳು ಮಾಸ್ತಿಯ ಹೆಸರಿನಲ್ಲಿ ಕೊಟ್ಟಿದ್ದಳು.

"ನೀ ಕೊಟ್ಟದ್ದೇ," ಎಂದ ಪುಂಡಲೀಕ, ಕಿಟಕಿಯತ್ತ ತಿರುಗಿ.

ಆಮೇಲೆ ಅವನು ಮತ್ತೆ ಮತ್ತೆ ಕೂರ್ಮಗಡದ ಆಚೆ ಬಲೆ ಬಿಟ್ಟ. ಮೀನಿಗಲ್ಲ. ಕೆಸರು ಬಂತು, ಚಿಪ್ಪು ಬಂತು, ಬಲೆ ಇನ್ನಷ್ಟು ಹರಿಯಿತು. ಅವನನ್ನು ಬೈಯಲು ನೀಲಾಳಿಗೆ ಬಾಯಿ ಬರಲಿಲ್ಲ. ಬೋಟಿನಲ್ಲಿ ತಾನಿದ್ದರೂ ಆ ಎಲುಬನ್ನು ಕಡಲಿಗೇ ಒಪ್ಪಿಸುತ್ತಿದ್ದಳು.

ದೀಪಾವಳಿಗೆ ಮೊದಲು ಅವಳೇ ಭಟ್ಟರ ಮನೆಗೆ ಹೋಗಿ, ಬೊಂಬೆ ಕಟ್ಟಿ ಎಂದಳು. ಕ್ರಿಯೆಯ ದಿನ ಬೆಳಿಗ್ಗೆ ಕುಂಕುಮ ಒರೆಸಿಕೊಂಡಳು. ಸಮುದ್ರದ ದಂಡೆಯಲ್ಲಿ ಪುಂಡಲೀಕ ಬೆಂಕಿಯಿಟ್ಟ. ದರ್ಭೆ ಬೇಗ ಉರಿದುಹೋಯಿತು. ಮೂರನೆಯ ದಿನ ಅಸ್ಥಿ ಆರಿಸಲು ಎಲ್ಲರೂ ಸೇರುತ್ತಾರೆ. ನೀಲಾ ಬಂದು ಬೂದಿಯ ಮುಂದೆ ಕೂತಳು. ಗಾಳಿ ಬೀಸುತ್ತಿತ್ತು. ಆರಿಸಲು ಏನೂ ಇರಲಿಲ್ಲ.